ಬೆಳಿಗ್ಗೆ ಆನ್ ಆಗಲು ಸತಾಯಿಸುವ ಕಂಪ್ಯೂಟರ್, ಒಮ್ಮೆ ಎದ್ದರೆ ಸಂಜೆಯವರೆಗೂ ಸರಿ. ದೋಷ ಎಲ್ಲಿರಬಹುದು?

ಸಾಗರದ ಡಿಟಿಪಿ:
ಸಾಗರದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಸಿಸ್ಟಂ 2014ರಲ್ಲಿ ಅಸೆಂಬಲ್ ಮಾಡಿಸಿದ್ದು: ನಾಲ್ಕನೇ ತಲೆಮಾರಿನ ಐ5, ಎಚ್81 ಬೋರ್ಡ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್. ಮಳೆ ಹಿಡಿದ ಮೇಲೆ ತೊಂದರೆ ಶುರುವಾಗಿದೆ. ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ಒಂದೆರಡು ಸುತ್ತು ತಿರುಗಿ ನಿಲ್ಲುತ್ತದೆ, ತಾನಾಗಿಯೇ ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಡಿಸ್‌ಪ್ಲೇ ಬರುವುದಿಲ್ಲ. ಹೀಗೆ ಬಹಳ ಹೊತ್ತು ಸತಾಯಿಸಿ ಕೊನೆಗೊಮ್ಮೆ ಏಳುತ್ತದೆ. ಎದ್ದ ಮೇಲೆ ಯಾವ ತಕರಾರೂ ಇಲ್ಲ, ಮಧ್ಯಾಹ್ನ ರೀಸ್ಟಾರ್ಟ್ ಮಾಡಿದರೂ ತಕ್ಷಣ ಬರುತ್ತದೆ. ತಾರೀಖು ಮಾತ್ರ ದಿನವೂ ತಪ್ಪಾಗಿರುತ್ತದೆ. ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ಬೆರಳು ಚುರುಗುಟ್ಟುತ್ತದೆ.

ನೋಡಲು ಬಂದಿದ್ದ ಸರ್ವಿಸ್ ಹುಡುಗ ಮದರ್‌ಬೋರ್ಡ್ ಹೋಗಿದೆ, ಹೊಸ ಸೆಟ್ ತೆಗೆದುಕೊಳ್ಳಿ ಎಂದ. ಮದುವೆ, ಉಪನಯನ, ಗೃಹಪ್ರವೇಶದ ಆಮಂತ್ರಣ ಪತ್ರಿಕೆಗಳೆಲ್ಲ ಪೇಜ್‌ಮೇಕರಿನಲ್ಲಿ ನುಡಿ ಅಕ್ಷರದಲ್ಲಿ ಇದರಲ್ಲೇ ಇವೆ. ಹಳೆಯ ಪ್ರಿಂಟರಿಗೂ ಇದೇ ಆಗಬೇಕು. ಬದಲಾಯಿಸುವ ಮೊದಲು ಬೋರ್ಡೇ ಹೋಗಿದೆಯೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಕುಂದಾಪುರ ಕಂಪ್ಯೂಟರ್ಸ್:
ಮೊದಲು ರ‍್ಯಾಮ್ ನೋಡಿ ಮೇಡಂ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಡಿಸ್‌ಪ್ಲೇ ಬಾರದ ಸಿಸ್ಟಂಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ. ಪ್ಲಗ್ ಕಿತ್ತು, ರ‍್ಯಾಮ್ ಹೊರತೆಗೆದು, ಚಿನ್ನದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ನಯವಾಗಿ ಉಜ್ಜಿ, ಪುಡಿ ಕೊಡವಿ ಹಾಕಿ. ಒಂದೊಂದೇ ರ‍್ಯಾಮ್ ಹಾಕಿ ಪರೀಕ್ಷಿಸಿ.

ಸಾಗರದ ಡಿಟಿಪಿ:
ಉಜ್ಜಿ ಹಾಕಿದೆ ಸರ್. ಎರಡನ್ನೂ ಬೇರೆ ಬೇರೆಯಾಗಿ, ಎರಡೂ ಸ್ಲಾಟಿನಲ್ಲಿ ಹಾಕಿ ನೋಡಿದೆ. ಬೆಳಗಿನ ಕಥೆ ಬದಲಾಗಲಿಲ್ಲ.

ಹಳೆಯ ಮೆಕ್ಯಾನಿಕ್, ದಾವಣಗೆರೆ:
ಅಮ್ಮಾ, ಬೋರ್ಡ್ ತೆಗೆಯಲು ಯಾರಿಗೂ ಈಗಲೇ ಬಿಡಬೇಡಿ. ತಂಪಿನಲ್ಲಿ ಏಳದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ ಎಂದರೆ ನನ್ನ ಅನುಮಾನ ಮೊದಲು ಹೋಗುವುದು ಎಸ್‌ಎಂಪಿಎಸ್, ಅಂದರೆ ಮೇನ್ಸ್ ಕರೆಂಟನ್ನು ಬೋರ್ಡಿಗೆ ಬೇಕಾದ ಕಡಿಮೆ ವೋಲ್ಟಿನ ಡಿಸಿಗೆ ಇಳಿಸುವ ಪೆಟ್ಟಿಗೆಯ ಕಡೆಗೆ. ಅದರಲ್ಲಿ ವೋಲ್ಟೇಜನ್ನು ಸ್ಥಿರವಾಗಿಡುವ ಕೆಪಾಸಿಟರ್‌ಗಳ ಒಳಗಿನ ದ್ರವ ವರ್ಷಗಟ್ಟಲೆ ಬಿಸಿಗೆ ಒಣಗುತ್ತಾ ಬರುತ್ತದೆ. ಒಣಗಿದ ಕೆಪಾಸಿಟರಿನ ಒಳಗಿನ ಪ್ರತಿರೋಧ ತಂಪಿನಲ್ಲಿ ಹೆಚ್ಚು, ಬಿಸಿಯಾದಂತೆ ಕಡಿಮೆ. ಬೆಳಿಗ್ಗೆ ವೋಲ್ಟೇಜ್ ನಿಲ್ಲುವುದಿಲ್ಲ. ವೋಲ್ಟೇಜ್ ಸರಿಯಿದೆ ಎಂದು ಬೋರ್ಡಿಗೆ ತಿಳಿಸುವುದು ಬೂದು ಬಣ್ಣದ ಒಂದು ತಂತಿ. ಆ ಸಂಕೇತ ತಪ್ಪಿದ ಕೂಡಲೇ ಬೋರ್ಡ್ ಎಲ್ಲವನ್ನೂ ನಿಲ್ಲಿಸಿ ಮೊದಲಿನಿಂದ ಆರಂಭಿಸುತ್ತದೆ. ನಿಮ್ಮ ಫ್ಯಾನ್ ತಿರುಗಿ ನಿಂತು ತಿರುಗುವುದಕ್ಕೆ ಇದು ಸರಿಹೊಂದುತ್ತದೆ.

ಅನುಮಾನದ ಮೇಲೆ ಹಣ ಸುರಿಯಬೇಡಿ, ಅಳೆದು ನೋಡಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಎಸ್‌ಎಂಪಿಎಸ್‌ನಿಂದ ಬಂದು ಖಾಲಿ ನೇತಾಡುವ ನಾಲ್ಕು ತಂತಿಯ ಹಳೆಯ ಹಾರ್ಡ್‌ಡಿಸ್ಕ್ ಕನೆಕ್ಟರ್ ಒಂದಾದರೂ ಇರುತ್ತದೆ. ಅದರ ಕಪ್ಪು ತಂತಿಗೆ ಮೀಟರಿನ ಕಪ್ಪು ಕಡ್ಡಿ, ಹಳದಿಗೆ ಕೆಂಪು ಕಡ್ಡಿ. ಹಳದಿಯಲ್ಲಿ 12 ವೋಲ್ಟ್ ಇರಬೇಕು, 11.4ಕ್ಕಿಂತ ಕೆಳಗೆ, 12.6ಕ್ಕಿಂತ ಮೇಲೆ ಹೋಗಬಾರದು. ಕೆಂಪು ತಂತಿ 5 ವೋಲ್ಟಿನದು, ಅದಕ್ಕೆ 4.75ರಿಂದ 5.25. ಬೆಳಿಗ್ಗೆ ಸತಾಯಿಸುವ ಹೊತ್ತಿನಲ್ಲೇ ಅಳೆಯಬೇಕು. ಬೋರ್ಡಿನಿಂದ ಕಳಚಿ, ಹಸಿರು ತಂತಿಗೂ ಕಪ್ಪು ತಂತಿಗೂ ಪಿನ್ ಸಿಕ್ಕಿಸಿ ಫ್ಯಾನ್ ತಿರುಗಿತು, ಆದ್ದರಿಂದ ಎಸ್‌ಎಂಪಿಎಸ್ ಸರಿಯಿದೆ ಎನ್ನುವವರಿದ್ದಾರೆ. ಹೊರೆ ಇಲ್ಲದಾಗ ಸೋತ ಎಸ್‌ಎಂಪಿಎಸ್ಸೂ 12 ತೋರಿಸುತ್ತದೆ, ಆ ಪರೀಕ್ಷೆಯನ್ನು ನಂಬಬೇಡಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ತಾರೀಖು ತಪ್ಪುವುದು ಬೇರೆ ವಿಷಯ, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿದೆ. ರಾತ್ರಿ ಅಂಗಡಿಯ ಮೇನ್ ಸ್ವಿಚ್ ಆರಿಸಿದರೆ ಗಡಿಯಾರ ಪೂರ್ತಿ ಆ ಸೆಲ್ಲಿನ ಮೇಲೆಯೇ ನಡೆಯುತ್ತದೆ. ಬದಲಾಯಿಸಿ ಸಾಕು.

ಬೆರಳು ಚುರುಗುಟ್ಟುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಕ್ಯಾಬಿನೆಟ್ಟಿಗೆ ಸ್ವಲ್ಪ ಕರೆಂಟ್ ಸೋರುತ್ತವೆ, ಅದು ಅರ್ತ್ ತಂತಿಯಲ್ಲಿ ಹರಿದುಹೋಗಬೇಕು. ಅರ್ತ್ ಇಲ್ಲದಿದ್ದರೆ ತಗಡು ಹೆಚ್ಚುಕಡಿಮೆ ಅರ್ಧ ಮೇನ್ಸ್ ವೋಲ್ಟೇಜಿಗೆ, ಅಂದರೆ 115ರ ಆಸುಪಾಸಿಗೆ ಏರಿ ನಿಲ್ಲುತ್ತದೆ. ಹಾಗಿರುವಾಗ ಪ್ರಿಂಟರ್ ಕೇಬಲ್ ಸಿಕ್ಕಿಸಿದರೆ ಯುಎಸ್‌ಬಿ ಪೋರ್ಟ್ ಹೋಗಬಹುದು. ಕರೆಂಟ್ ನಿಜವಾಗಿ ಲೀಕ್ ಆದ ದಿನ ನಿಮ್ಮನ್ನು ಕಾಯುವುದೂ ಅದೇ ಅರ್ತ್ ತಂತಿ. ಎಲೆಕ್ಟ್ರಿಷಿಯನ್ ಕರೆದು ಸಾಕೆಟ್ ಪರೀಕ್ಷಿಸಿ.

ಇದೆಲ್ಲಕ್ಕಿಂತ ಮೊದಲು, ಇವತ್ತೇ, ಸಿಸ್ಟಂ ಓಡುತ್ತಿರುವಾಗಲೇ ಆಮಂತ್ರಣ ಪತ್ರಿಕೆಗಳನ್ನೂ ಫಾಂಟ್‌ಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ಕುಸಿಯುವ ವೋಲ್ಟೇಜ್ ಹಾರ್ಡ್‌ಡಿಸ್ಕಿಗೆ ಒಳ್ಳೆಯದಲ್ಲ.

ಬೆಂಗಳೂರು ಅಸೆಂಬ್ಲರ್:
ಇಷ್ಟು ಹಳೆಯ ಸಿಸ್ಟಮ್ಮಿಗೆ ಖರ್ಚು ಏಕೆ? ವಿಂಡೋಸ್ 10ರ ಉಚಿತ ಬೆಂಬಲವೂ 2025ರ ಅಕ್ಟೋಬರಿನಲ್ಲಿ ಮುಗಿದಿದೆ, 11 ಈ ಪ್ರೊಸೆಸರಿಗೆ ಅಧಿಕೃತವಾಗಿ ಇಲ್ಲ.

ಹಳೆಯ ಮೆಕ್ಯಾನಿಕ್, ದಾವಣಗೆರೆ:
ಅದು ನಿಜ. ಬ್ಯಾಂಕಿನ ವ್ಯವಹಾರ, ಸರ್ಕಾರಿ ಅರ್ಜಿಗಳನ್ನು ಅವರು ಬೇರೆ ಸಿಸ್ಟಂನಲ್ಲಿ ಮಾಡಲಿ. ಅಕ್ಷರ ಜೋಡಿಸಿ ಪ್ರಿಂಟ್ ಕೊಡುವುದಕ್ಕೆ ಇಂಟರ್‌ನೆಟ್ ಬೇಡ, ಆ ಕೆಲಸವನ್ನು ಇದು ಇನ್ನೂ ಚೆನ್ನಾಗಿ ಮಾಡುತ್ತದೆ. ಒಂದು ಭಾಗ ಕೆಟ್ಟಿದ್ದಕ್ಕೆ ಇಡೀ ಯಂತ್ರವನ್ನು ಗುಜರಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಸಾಗರದ ಡಿಟಿಪಿ:
ಅಳೆದೆ ಸರ್. ಬೆಳಿಗ್ಗೆ ಬಟನ್ ಒತ್ತಿದಾಗ ಹಳದಿ ತಂತಿ 10.7ಕ್ಕೆ ಕುಸಿದು ಸೊನ್ನೆಗೆ ಹೋಗುತ್ತಿತ್ತು. ಎದ್ದ ಮೇಲೆ 11.6ರಲ್ಲಿ ನಿಂತಿತು. ಪರಿಚಯದವರಿಂದ 450 ವಾಟಿನ ಎಸ್‌ಎಂಪಿಎಸ್ ತಂದು ಹಾಕಿಸಿದೆ, ಸೆಲ್ಲೂ ಬದಲಾಯಿತು. ಈಗ ಬೆಳಿಗ್ಗೆ ಮೊದಲ ಒತ್ತಿಗೇ ಡಿಸ್‌ಪ್ಲೇ ಬರುತ್ತದೆ, ಹಳದಿ 12.1 ತೋರಿಸುತ್ತಿದೆ. ತಗಡು ಮಾತ್ರ ಇನ್ನೂ ಚುರುಗುಟ್ಟುತ್ತದೆ. ಸಾಕೆಟ್ ಬಿಚ್ಚಿ ನೋಡಿದ ಎಲೆಕ್ಟ್ರಿಷಿಯನ್, ಮೂರನೆಯ ತೂತಿಗೆ ತಂತಿಯೇ ಎಳೆದಿಲ್ಲ ಎಂದರು. ನ್ಯೂಟ್ರಲ್‌ಗೆ ಸೇರಿಸಿಬಿಡಲೇ ಎಂದು ಕೇಳುತ್ತಿದ್ದಾರೆ.

ಹಳೆಯ ಮೆಕ್ಯಾನಿಕ್, ದಾವಣಗೆರೆ:
ಖಂಡಿತ ಬೇಡ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಕ್ಯಾಬಿನೆಟ್ಟಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಮೀಟರ್ ಬೋರ್ಡಿನ ಬಳಿ ಅರ್ತ್ ಗುಂಡಿ ಇದ್ದರೆ ಅಲ್ಲಿಂದ ಹಸಿರು ತಂತಿ ಎಳೆಸಿ, ಇಲ್ಲದಿದ್ದರೆ ಹೊಸದು ತೋಡಿಸಿ. ಆಮೇಲೆ ನ್ಯೂಟ್ರಲ್, ಅರ್ತ್ ನಡುವೆ ಎಷ್ಟು ವೋಲ್ಟ್ ಬರುತ್ತದೆಂದು ಅವರಿಂದಲೇ ಅಳೆಸಿ ಇಲ್ಲಿ ತಿಳಿಸಿ. ಅಲ್ಲಿಯವರೆಗೆ ಪ್ರಿಂಟರ್ ಕೇಬಲನ್ನು ಸಿಸ್ಟಂ, ಪ್ರಿಂಟರ್ ಎರಡರ ಪ್ಲಗ್ಗೂ ಕಿತ್ತ ಮೇಲೆಯೇ ಸಿಕ್ಕಿಸಿ.