ಸಹಾಯ ಬೇಕು: ವ್ಯಾಕ್ಯೂಮ್ ಪಂಪಿಗೆ ವೇನ್ ಕಿಟ್ (ಒಳಗೆ ತಿರುಗುವ ಪಟ್ಟಿಗಳ ಸೆಟ್) ಸಾಕೇ, ಇಡೀ ಪಂಪನ್ನೇ ಬದಲಿಸಬೇಕೇ?

ಹಾಸನದಲ್ಲಿರುವ ಹಳೇ ಡೀಸೆಲ್ ಜೀಪು, ಬ್ರೇಕ್ ಬೂಸ್ಟರಿಗೆ (ಪೆಡಲ್ ಹಗುರ ಮಾಡುವ ಭಾಗ) ನಿರ್ವಾತ ಕೊಡುವ ಈ ಪಂಪ್ ಆಲ್ಟರ್ನೇಟರಿನ ಹಿಂಬದಿಗೆ ಕೂತಿದೆ. ಐಡ್ಲಿಂಗ್‌ನಲ್ಲಿ ಎರಡು ಸಲ ಬ್ರೇಕ್ ಒತ್ತಿದರೆ ಮೂರನೇ ಸಲಕ್ಕೆ ಪೆಡಲ್ ಕಲ್ಲಿನಂತೆ ಗಟ್ಟಿ.

ಹೋಸ್ ಬಿಚ್ಚಿ ಗೇಜನ್ನು ನೇರ ಪಂಪಿಗೇ ಹಾಕಿದಾಗ ಐಡ್ಲಿಂಗ್‌ನಲ್ಲಿ ನಿರ್ವಾತ 15 ಇಂಚು (ಪಾದರಸದ ಲೆಕ್ಕ), 2000 ಆರ್‌ಪಿಎಂಗೆ 21. ಊರು ಎತ್ತರದಲ್ಲಿರುವುದರಿಂದ ಮಂಗಳೂರಿಗಿಂತ ಮೂರು ಇಂಚು ಕಡಿಮೆ ಬರುವುದು ಸಹಜ. ಆದರೂ 15 ತೀರಾ ಕಡಿಮೆ. ಬೆಲ್ಟ್ ಜಾರುತ್ತಿಲ್ಲ. ಬೂಸ್ಟರ್ ಮೇಲೆ ಅನುಮಾನವಿಲ್ಲ: ರೇಸ್ ಕೊಟ್ಟು ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೂ ಮೊದಲೆರಡು ಸಲ ಪೆಡಲ್ ಮೆತ್ತಗೇ ಇರುತ್ತದೆ, ಅಂದರೆ ಬೂಸ್ಟರಿನ ನಿರ್ವಾತ ಸೋರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಿಡಿಯುತ್ತಿದೆ.

ಆಯಿಲ್ ಫೀಡ್ ಬೋಲ್ಟಿನ ತೂತು ಕಪ್ಪು ಗಸಿಯಿಂದ ಅರ್ಧ ಮುಚ್ಚಿತ್ತು. ವೇನ್‌ ಮತ್ತು ಹೌಸಿಂಗ್ ನಡುವಿನ ಸಂದು ಮುಚ್ಚುವುದೇ ಆಯಿಲ್, ಹಾಗಾಗಿ ಅದೇ ಕಾರಣ ಅನ್ನಿಸಿತ್ತು. ತೊಳೆದ ಮೇಲೂ 17ಕ್ಕಿಂತ ಏರಲಿಲ್ಲ. ಪಂಪ್ ಬಿಚ್ಚಿದರೆ ವೇನ್ ತುದಿ ಸವೆದಿದೆ, ಹೌಸಿಂಗ್ ಒಳಗೋಡೆಯ ಗೀರು ಉಗುರಿಗೆ ತಾಗುತ್ತದೆ. ಆಲ್ಟರ್ನೇಟರ್ ಒಳಗೂ ಆಯಿಲ್ ಪಸೆ ಇದೆ, ಶಾಫ್ಟ್ ಸೀಲ್ ಹೇಗಿದ್ದರೂ ಹೊಸದು ಹಾಕಲೇಬೇಕು.

ಇಂಥ ಗೀರಿರುವ ಹೌಸಿಂಗಿಗೆ ಹೊಸ ವೇನ್, ಓ-ರಿಂಗ್ ಹಾಕಿ ಓಡಿಸಿದವರು ಇದ್ದೀರಾ? ಐಡ್ಲಿಂಗ್‌ನಲ್ಲಿ ಎಷ್ಟು ಇಂಚು ಬಂತು, ಎಷ್ಟು ದಿನ ನಿಂತಿತು? ಉತ್ತರ ಸಿಗುವವರೆಗೆ ಗಾಡಿಯನ್ನು ಶಿರಾಡಿ ಘಾಟಿಗೆ ಇಳಿಸುವುದಿಲ್ಲ.