ಇಂಟರ್‌ಪ್ರಿಟರ್ ‘ಡಿಸ್ಕವರಿ’ಗೆ ‘ಪತ್ತೆ’ ಸರಿಯೇ, ‘ಹುಡುಕಿಕೊಳ್ಳು’ ಸರಿಯೇ?

ದೂರದ ಸರ್ವರ್‌ಗಳನ್ನು ಕೂತಲ್ಲಿಂದಲೇ ಸಜ್ಜುಗೊಳಿಸುವ ತಂತ್ರಾಂಶವಾದ ಅನ್ಸಿಬಲ್ ತೋರಿಸುವ ಎಚ್ಚರಿಕೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಡಿಸ್ಕವರ್ಡ್ ಪೈಥಾನ್ ಇಂಟರ್‌ಪ್ರಿಟರ್’ ಎಂಬ ಕಡೆ ಬಂದು ನಿಂತಿದ್ದೇನೆ. (ಪೈಥಾನ್ ಭಾಷೆಯ ಕೋಡ್ ನಡೆಸುವ ಪ್ರೋಗ್ರಾಂ ಈ ಇಂಟರ್‌ಪ್ರಿಟರ್; ಮುಂದೆ ಬರೀ ‘ಪೈಥಾನ್’ ಎಂದರೂ ಅದೇ.) ಈ ಯಂತ್ರದಲ್ಲಿ ಅನ್ಸಿಬಲ್ ಇಂಥ ಜಾಗದ ಪೈಥಾನ್ ಬಳಸುತ್ತಿದೆ, ಮುಂದೆ ಇನ್ನೊಂದು ಪೈಥಾನ್ ಹಾಕಿದರೆ ಇದೇ ಜಾಗದ ವಿಳಾಸ ಬೇರೊಂದನ್ನು ತೋರಿಸಬಹುದು ಎಂಬುದು ಆ ಎಚ್ಚರಿಕೆಯ ತಿರುಳು.

ಪದಕ್ಕೆ ಮೊದಲು ಕೆಲಸ ಏನೆಂದು ನೋಡೋಣ. ಹಿಂದೆ ಅನ್ಸಿಬಲ್ ದೂರದ ಸರ್ವರ್‌ನಲ್ಲಿ ಪೈಥಾನ್ ಒಂದೇ ಗೊತ್ತಾದ ಜಾಗದಲ್ಲಿ ಇರುತ್ತದೆ ಎಂದು ನಂಬಿಕೊಂಡಿತ್ತು. ಪೈಥಾನ್ 3 ಮಾತ್ರ ಇರುವ ಲಿನಕ್ಸ್‌ಗಳು ಬಂದ ಮೇಲೆ ಆ ನಂಬಿಕೆ ನಡೆಯಲಿಲ್ಲ. 2019ರ 2.8 ಆವೃತ್ತಿಯಿಂದ ಅನ್ಸಿಬಲ್ ಮೊದಲು ಆ ಸರ್ವರ್‌ನಲ್ಲಿ ಸಣ್ಣದೊಂದು ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳ ಪಟ್ಟಿ) ಓಡಿಸುತ್ತದೆ. ಪೈಥಾನ್‌ನ ಹಲವು ಹೆಸರುಗಳ ಪಟ್ಟಿ ಹಿಡಿದು ಒಂದೊಂದೂ ಎಲ್ಲಿದೆ ಎಂದು ‘ಕಮಾಂಡ್ -ವಿ’ (command -v) ಎಂಬ ಕಮಾಂಡ್‌ನಿಂದ ಕೇಳುತ್ತದೆ. ಆ ಕಮಾಂಡ್ ಡಿಸ್ಕನ್ನೆಲ್ಲ ಜಾಲಾಡುವುದಿಲ್ಲ. ಪಾತ್‌ನಲ್ಲಿರುವ (ಪ್ರೋಗ್ರಾಂಗಳನ್ನು ಎಲ್ಲೆಲ್ಲಿ ನೋಡಬೇಕೆಂಬ ಪಟ್ಟಿ, PATH) ಫೋಲ್ಡರ್‌ಗಳನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋಗಿ, ಮೊದಲು ಸಿಕ್ಕಿದ್ದಕ್ಕೆ ನಿಲ್ಲುತ್ತದೆ. ಪಾತ್‌ನ ಹೊರಗಿನ ಫೋಲ್ಡರ್‌ನಲ್ಲಿ ಪೈಥಾನ್ ಇದ್ದರೂ ಅದರ ಪಾಲಿಗೆ ಇಲ್ಲ. ಟರ್ಮಿನಲ್‌ನಲ್ಲಿ ಸಿಗುವ ಪೈಥಾನ್, ಗೊತ್ತಾದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ಗೆ ಎಷ್ಟೋ ಸಲ ಸಿಗದಿರುವುದೂ ಇದರಿಂದಲೇ, ಕ್ರಾನ್‌ನ ಪಾತ್ ಬಲು ಚಿಕ್ಕದು.

ಈಗ ಪದಗಳು. ‘ಕಂಡುಹಿಡಿದ ಪೈಥಾನ್’ ಅಂದರೆ ಯಾರೋ ಹೊಸದಾಗಿ ಸೃಷ್ಟಿಸಿದ್ದು ಅನ್ನಿಸುತ್ತದೆ. ಶಾಲೆಯ ಪಾಠಗಳಿಂದ ಆ ಅರ್ಥ ಅಷ್ಟು ಗಟ್ಟಿಯಾಗಿದೆ. ‘ಅನ್ವೇಷಣೆ’ ಈ ಸಣ್ಣ ಕೆಲಸಕ್ಕೆ ಭಾರ. ‘ಪತ್ತೆ’ ಎಲ್ಲರಿಗೂ ಪರಿಚಿತ, ಆದರೆ ಅದರಲ್ಲಿ ಕಳೆದುಹೋದದ್ದರ, ಅಡಗಿಕೊಂಡದ್ದರ ನೆರಳಿದೆ. ಪೈಥಾನ್ ಅಡಗಿಲ್ಲ, ಅದರ ಜಾಗ ಮಾತ್ರ ಗೊತ್ತಿಲ್ಲ. ವಿಂಡೋಸ್‌ನಲ್ಲಂತೂ ಇನ್‌ಸ್ಟಾಲರ್ ತಾನೇ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ಕಡತ) ಜಾಗ ಬರೆದಿಡುತ್ತದೆ, ಪೈಥಾನ್ ಶುರುಮಾಡುವ ‘ಪೈ’ (py) ಲಾಂಚರ್ ಅದನ್ನು ಓದಿಕೊಳ್ಳುತ್ತದೆ. ಅಲ್ಲಿ ಪತ್ತೆ ಹಚ್ಚಲು ಏನೂ ಉಳಿದಿಲ್ಲ.

ನನಗೆ ಒಪ್ಪಿಗೆಯಾಗಿರುವುದು ‘ಹುಡುಕಿಕೊಳ್ಳು’. ‘ಕೊಳ್ಳು’ ಸೇರಿದೊಡನೆ ತಾನಾಗಿ, ತನಗಾಗಿ ಎಂಬ ಎರಡೂ ಅರ್ಥ ಬರುತ್ತವೆ, ‘ಸ್ವಯಂಚಾಲಿತವಾಗಿ’ ಎಂಬ ಉದ್ದನೆಯ ಪದವೇ ಬೇಡ. ‘ಅನ್ಸಿಬಲ್ ಹುಡುಕಿಕೊಂಡ ಪೈಥಾನ್’ ಎಂದರೆ ಸಾಕು. (ಇಂಟರ್‌ಪ್ರಿಟರ್ ಹಾಗೇ ಇರಲಿ. ‘ದುಭಾಷಿ’ ಇಬ್ಬರ ನಡುವೆ ಮಾತು ದಾಟಿಸುವವರು; ಇದು ಕೋಡ್ ಓದಿ ನಡೆಸುತ್ತದೆ.)

ತೊಡಕು ನಾಮಪದದ್ದು. ಸೆಟ್ಟಿಂಗ್‌ಗಳ ಪುಟದಲ್ಲಿ ‘ಇಂಟರ್‌ಪ್ರಿಟರ್ ಹುಡುಕಿಕೊಳ್ಳುವಿಕೆ’ ಎಂದು ತಲೆಬರಹ ಕೊಟ್ಟರೆ ನಾಲಿಗೆ ತೊಡರುತ್ತದೆ. ‘ಹುಡುಕಾಟ’ ಅಂದರೆ ಇನ್ನೂ ಸಿಕ್ಕಿಲ್ಲ ಎಂಬ ಅರ್ಥ ಬರುತ್ತದೆ. ಹುಡುಕಿ ಸಿಕ್ಕಿದ್ದನ್ನೂ ಒಳಗೊಳ್ಳುವ, ತಲೆಬರಹವಾಗಿ ನಿಲ್ಲುವ ಚಿಕ್ಕ ಪದ ನಿಮ್ಮ ಬಳಕೆಯಲ್ಲಿ ಇದೆಯೇ? ಇಲ್ಲದಿದ್ದರೆ ತಲೆಬರಹಕ್ಕೆ ಮಾತ್ರ ‘ಪತ್ತೆ’ ಇಟ್ಟು, ವಾಕ್ಯಗಳಲ್ಲಿ ‘ಹುಡುಕಿಕೊಳ್ಳು’ ಬಳಸಿದರೆ ಓದುವವರಿಗೆ ಗೊಂದಲವಾದೀತೇ?