ಪದಚರ್ಚೆ: ಬ್ಯಾಕ್ಟೀರಿಯಾವನ್ನು ‘ಮೇಯುವುದು’ ಎನ್ನಬಹುದೇ? ಮೇಯಿಸಿಕೊಳ್ಳದೆ ಉಳಿಯುವುದಕ್ಕೆ ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಬರೆಯುತ್ತಿರುವ ಒಂದು ಲೇಖನದಲ್ಲಿ ಎರಡು ಪದಗಳ ಬಳಿ ಸಿಕ್ಕಿಕೊಂಡಿದ್ದೇನೆ. ಅಮೀಬಾ, ಪ್ಯಾರಮೀಸಿಯಂನಂತಹ ಏಕಕೋಶ ಜೀವಿಗಳು ಬ್ಯಾಕ್ಟೀರಿಯಾವನ್ನು ತಿನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಗ್ರೇಜಿಂಗ್’ ಎನ್ನುತ್ತಾರೆ. ನಾನು ‘ಮೇಯುವುದು’ ಎಂದು ಬರೆದೆ. ಕರಡು ಓದಿದ ಗೆಳೆಯರು ಅದನ್ನು ಹೊಡೆದುಹಾಕಿ ‘ಪರಭಕ್ಷಣೆ’ ಎಂದು ತಿದ್ದಿದರು. ಮೇಯುವುದು ಹುಲ್ಲನ್ನು, ಜೀವಿಗಳನ್ನಲ್ಲ ಎಂಬುದು ಅವರ ಆಕ್ಷೇಪ.

ನನಗದು ಒಪ್ಪಿಗೆಯಾಗಲಿಲ್ಲ. ಕೋಳಿ ತಿಪ್ಪೆಯಲ್ಲಿ ಹುಳ ಹೆಕ್ಕುವುದನ್ನೂ ನಾವು ಮೇಯುವುದು ಎಂದೇ ಹೇಳುತ್ತೇವೆ. ಹುಲ್ಲು ನೆನೆಸಿಟ್ಟ ನೀರಿನ ಹನಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ಪ್ಯಾರಮೀಸಿಯಂ ಯಾವುದೇ ಒಂದು ಬ್ಯಾಕ್ಟೀರಿಯಾದ ಬೆನ್ನು ಹತ್ತುವುದಿಲ್ಲ. ಕೊಳೆತ ಹುಲ್ಲಿನ ಚೂರಿನ ಪಕ್ಕಕ್ಕೆ ಬಂದು ನಿಂತು, ಮೈಯ ರೋಮಗಳನ್ನು ಆಡಿಸುತ್ತಾ ನೀರನ್ನು ಬಾಯಿಯ ಕಡೆಗೆ ಸೆಳೆದುಕೊಳ್ಳುತ್ತದೆ, ಬಂದದ್ದನ್ನು ನುಂಗುತ್ತದೆ. ಇದು ಮೇಯುವುದಲ್ಲದೆ ಮತ್ತೇನು?

‘ಬೇಟೆ’ ಎಂಬ ಪದವನ್ನು ಡೆಲ್ಲೊವಿಬ್ರಿಯೊಗೆ ಮೀಸಲಿಡೋಣ ಎಂದುಕೊಂಡಿದ್ದೇನೆ. ಇದು ಬೇರೆ ಬ್ಯಾಕ್ಟೀರಿಯಾಗಳನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ. ಇದರ ಮೊದಲ ವರದಿ ಬಂದದ್ದು 1962ರಲ್ಲಿ. ಹೆಸರಿನಲ್ಲಿರುವ ಗ್ರೀಕ್ ‘ಡೆಲ್ಲಾ’ ಎಂದರೆ ಜಿಗಣೆ. ಆದರೆ ಜಿಗಣೆ ಹೊರಗೆ ಕಚ್ಚಿಕೊಂಡು ಹೀರುತ್ತದೆ. ಇದು ಬಲಿಯ ಹೊರಪೊರೆಯನ್ನು ತೂತು ಮಾಡಿ ಒಳನುಗ್ಗುತ್ತದೆ, ಅಲ್ಲೇ ತಿಂದು ಬೆಳೆದು ಹಲವಾಗಿ ಒಡೆದುಕೊಂಡು ಹೊರಬರುತ್ತದೆ. ರೈತರು ಕಾಂಡಕೊರಕ, ಕಾಯಿಕೊರಕ ಎನ್ನುವ ಹಾಗೆ ಇದನ್ನು ‘ಕೋಶಕೊರಕ’ ಎಂದರೆ ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ.

ನಿಜವಾದ ತೊಡಕು ಮುಂದಿನದು. ಮೇಯುವವರಿಂದ ಬ್ಯಾಕ್ಟೀರಿಯಾ ಪಾರಾಗುವ ಬಗೆಗೆ ಏನೆನ್ನುವುದು? ‘ಪ್ರತಿರೋಧ’ ಎಂದರೆ ಓದುಗರ ಮನಸ್ಸು ನೇರ ಔಷಧಗಳ ಕಡೆಗೆ ಓಡುತ್ತದೆ. ‘ರಕ್ಷಣಾ ತಂತ್ರ’ ಎಂದರೆ ಸೈನ್ಯದ ವಾಸನೆ. ಇಷ್ಟಕ್ಕೂ ಈ ಬಗೆಗಳು ಒಂದೇ ತೆರನಾದವಲ್ಲ. ಕೆಲವು ಬ್ಯಾಕ್ಟೀರಿಯಾಗಳು ಇಬ್ಭಾಗವಾಗುವುದನ್ನು ನಿಲ್ಲಿಸಿ ನೂಲಿನಂತೆ ಉದ್ದವಾಗುತ್ತವೆ. ಒಂದೆರಡು ಮೈಕ್ರೋಮೀಟರ್ ಇದ್ದದ್ದು ಹತ್ತನ್ನು ದಾಟಿದರೆ, ತಾನೇ ಐದಾರು ಮೈಕ್ರೋಮೀಟರ್ ಇರುವ ಕಶಾಜೀವಿಯ (ಚಾಟಿಯಂಥ ಬಾಲ ಬೀಸಿ ಈಜುವ ಏಕಕೋಶ ಜೀವಿ) ಬಾಯಿಗೆ ಅದು ಹಿಡಿಸುವುದಿಲ್ಲ. ಕಾಲರಾದ ವಿಬ್ರಿಯೊ ತನ್ನವರೊಂದಿಗೆ ಲೋಳೆಯಲ್ಲಿ ಹುದುಗಿ, ಆಸರೆಗೆ ಅಂಟಿ ಕೂರುತ್ತದೆ. ಕ್ರೋಮೊಬ್ಯಾಕ್ಟೀರಿಯಂ ವಯೊಲೇಸಿಯಂ ತನ್ನೊಳಗೆ ನೇರಳೆ ಬಣ್ಣದ ನಂಜನ್ನು ಇಟ್ಟುಕೊಂಡಿರುತ್ತದೆ. ಅದರ ಕೆಲವೇ ಕೋಶಗಳನ್ನು ನುಂಗಿದರೂ ಕಶಾಜೀವಿ ಸಾಯುತ್ತದೆ.

ಇನ್ನು ಲೀಜನೆಲ್ಲಾ. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ‘ಅಮೆರಿಕನ್ ಲೀಜನ್’ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶದಲ್ಲಿ ಹರಡಿದ ನ್ಯುಮೋನಿಯಾದಿಂದ ಈ ಬ್ಯಾಕ್ಟೀರಿಯಾಕ್ಕೆ ಆ ಹೆಸರು. ಅಮೀಬಾ ಅದನ್ನು ನುಂಗುತ್ತದೆ, ಅರಗಿಸಿಕೊಳ್ಳಲಾರದು. ಅಮೀಬಾದ ಜೀರ್ಣರಸದ ಚೀಲ ತಾನಿರುವ ಗೂಡಿಗೆ ಬಂದು ಕೂಡದಂತೆ ಲೀಜನೆಲ್ಲಾ ತಡೆದು, ಒಳಗೇ ಮರಿಮಾಡಿ, ಕೊನೆಗೆ ಅಮೀಬಾವನ್ನೇ ಒಡೆದುಕೊಂಡು ಹೊರಬರುತ್ತದೆ. ಇಲ್ವಲ ಕರೆದೊಡನೆ ಅತಿಥಿಯ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ ವಾತಾಪಿಯ ಕಥೆ ಇದೇ ಅಲ್ಲವೇ? ಕೂಸಿಗೆ ಉಣಿಸಿ ಹೊಟ್ಟೆ ಸವರುತ್ತಾ ‘ಜೀರ್ಣ ಜೀರ್ಣ ವಾತಾಪಿ ಜೀರ್ಣ’ ಎನ್ನುವ ಅಜ್ಜಿಯರಿರುವ ಮನೆಗಳಲ್ಲಿ ಇದನ್ನು ವಿವರಿಸಲು ಬೇರೆ ಪದವೇ ಬೇಡ.

ಹೀಗೆ ಬರೆದುಕೊಂಡು ಹೋದಾಗ ನನಗೆ ಕಂಡದ್ದು ಇಷ್ಟು: ಈ ಕೆಲಸಕ್ಕೆ ಕನ್ನಡದಲ್ಲಿ ನಾಮಪದಕ್ಕಿಂತ ನಿಷೇಧ ರೂಪವೇ ಹೆಚ್ಚು ಒದಗುತ್ತದೆ. ನೂಲಾದದ್ದು ನುಂಗಲಾರದ ತುತ್ತು, ಲೋಳೆಯಲ್ಲಿ ಹುದುಗಿದ್ದು ಬಾಯಿಗೆ ಸಿಗದ್ದು, ಲೀಜನೆಲ್ಲಾ ಅರಗದ್ದು. ‘ಆಡುಮುಟ್ಟದ ಬಳ್ಳಿ’ ಎಂಬ ಗಿಡದ ಹೆಸರನ್ನೇ ನೋಡಿ: ಮೇಯಿಸಿಕೊಳ್ಳದೆ ಉಳಿಯುವ ಗುಣವನ್ನು ಹಳ್ಳಿಯವರು ಎಂದೋ ಹೆಸರಿಸಿಟ್ಟಿದ್ದಾರೆ. ನೇರಳೆ ನಂಜಿನ ಬ್ಯಾಕ್ಟೀರಿಯಾಕ್ಕೂ ಇದೇ ಜಾಡಿನ ಹೆಸರು ಒಪ್ಪುತ್ತದೆ ಎಂದು ನನ್ನ ಅನಿಸಿಕೆ.

ಆದರೆ ಲೇಖನಕ್ಕೆ ಒಂದು ತಲೆಬರಹ ಬೇಕು, ಈ ಎಲ್ಲ ಬಗೆಗಳನ್ನೂ ಒಟ್ಟಿಗೆ ಹಿಡಿಯುವ ಒಂದು ಪದ ಬೇಕು. ದನಕರು ಸಾಕಿದವರು ಇಲ್ಲಿ ಹಲವರಿದ್ದೀರಿ. ದನ ಮೂಸಿ ನೋಡಿ, ಬಾಯಿ ಹಾಕದೆ ಮುಂದೆ ಹೋಗುವ ಗಿಡಕ್ಕೋ ಮೇವಿಗೋ ನಿಮ್ಮ ಕಡೆ ಒಂದೇ ಮಾತಿನ ಹೆಸರಿದೆಯೇ? ಇದ್ದರೆ ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಿ.